ಗಡಿ ದಾಟಿದ ಕಂಬ

ಮಾರ್ಚ್ 5, ಮಂಗಳವಾರ

ಬೆಳಿಗ್ಗೆ 7.40ಕ್ಕೆ ನಾಲ್ವರು ಕೆಲಸಗಾರರು ಬಂದು ನಮ್ಮ ಕಟ್ಟಡದ ಹಿಂದೆ, ಫ್ರಾನ್ಸಿನ ಗಡಿಗೆ ತಾಗಿದ ಹುಲ್ಲುಗಾವಲಿನಲ್ಲಿ ಕಂಬ ನೆಡಲು ಶುರುಮಾಡಿದರು. 11.15ಕ್ಕೆ ಕೆಲಸ ಮುಗಿಯಿತು. ಎಂಟು ಅಲ್ಯೂಮಿನಿಯಂ ಕಂಬಗಳು, ಒಂದೊಂದೂ ಹದಿಮೂರು ಮೀಟರ್, ತುದಿಯಲ್ಲಿ ಮಾಡಿನ ಇಳಿಜಾರು ತೋರಿಸುವ ಅಡ್ಡಪಟ್ಟಿ. ಹೋಲ್ಡರ್‌ವಿಲ್ ಪುರಸಭೆ ಅಲ್ಲಿ ನಾಲ್ಕಂತಸ್ತಿನ ಕಟ್ಟಡ ಕಟ್ಟಿಸಲಿದೆ. ಇಪ್ಪತ್ತೆಂಟು ಬಾಡಿಗೆ ಮನೆಗಳು, ಕೆಳಗೊಂದು ಶಿಶುವಿಹಾರ. ಕಟ್ಟುವ ಮೊದಲು ಕಟ್ಟಡದ ಆಕಾರವನ್ನು ಹೀಗೆ ಕಂಬಗಳಲ್ಲಿ ನಿಲ್ಲಿಸಿ ನೆರೆಯವರಿಗೆ ತೋರಿಸಬೇಕು. ತಕರಾರಿದ್ದವರು ಮೂವತ್ತು ದಿನದೊಳಗೆ ಬರೆದುಕೊಡಬೇಕು. ಕೊನೆಯ ದಿನ ಏಪ್ರಿಲ್ 4.

ಎಲ್ಲರಿಗೂ ಗೊತ್ತಿರುವುದನ್ನೇ ಬರೆಯುತ್ತಿರುವುದಕ್ಕೆ ಕಾರಣವಿದೆ. ಮೇಲಿನ ಮನೆಯ ರುಡಿನ್ ಮಧ್ಯಾಹ್ನ ಬಂದು, "ಬ್ರೋಡ್‌ಬೆಕ್ ಅವ್ರೇ, ಮೊದಲ್ನೇ ದಿನದಿಂದ ಎಲ್ಲ ಬರೆದಿಡಿ. ತಕರಾರು ಗೆಲ್ಲೋದು ಕೂಗಾಟದಿಂದಲ್ಲ, ದಾಖಲೆಯಿಂದ" ಎಂದರು. ಅವರು ಮೂವತ್ತಾರು ವರ್ಷ ಗಡಿಯ ಸುಂಕದ ಕಟ್ಟೆಯಲ್ಲಿದ್ದವರು. ನಾನು ಮೂವತ್ತೆಂಟು ವರ್ಷ ಟ್ರಾಮ್ ನಿಯಂತ್ರಣ ಕೊಠಡಿಯಲ್ಲಿದ್ದವನು, ನಿವೃತ್ತನಾಗಿ ಐದು ವಾರ. ದಾಖಲೆ ಎಂದರೇನೆಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ.

ತಕರಾರು ಇಷ್ಟೇ: ನಮ್ಮ ಅಡಿಗೆಮನೆಯ ಕಿಟಕಿ ಪಶ್ಚಿಮಕ್ಕಿದೆ. ಮೂವತ್ತೊಂದು ವರ್ಷದಿಂದ ನನ್ನ ಹೆಂಡತಿ ಡೋರ್ಲಿ ಮತ್ತು ನಾನು ಸಂಜೆಯ ಬ್ರೆಡ್ಡು, ಚೀಸು, ಹಾಲುಕಾಫಿಯನ್ನು ಫ್ರಾನ್ಸಿನ ಗುಡ್ಡದ ಹಿಂದೆ ಇಳಿಯುವ ಸೂರ್ಯನ ಬೆಳಕಿನಲ್ಲಿ ತೆಗೆದುಕೊಂಡಿದ್ದೇವೆ. ಆ ಬೆಳಕು ಮೇಜಿನ ಮೇಲೆ ಬಿದ್ದಾಗ ದೀಪ ಹಾಕುವುದು ನನ್ನ ಮಟ್ಟಿಗೆ ಅವಮಾನ. ಈಗ ಅದಕ್ಕೆ ಅಡ್ಡ ಎಂಟು ಕಂಬ.

ಡೋರ್ಲಿ ಕಿಟಕಿಯಲ್ಲಿ ನಿಂತು ತುಂಬ ಹೊತ್ತು ನೋಡಿದಳು. "ನೀಟಾಗಿ ನಿಂತಿವೆ ಅಲ್ವಾ?" ಎಂದಳು.

ಮಾರ್ಚ್ 9, ಶನಿವಾರ

ಆಕಾಶ ನಿರ್ಮಲ. ಮೊದಲ ಅಳತೆ. ಅಡಿಗೆಮನೆಯ ಕುರ್ಚಿಯಲ್ಲಿ ಕುಳಿತು, ಕಂಬಗಳ ತುದಿಗಳನ್ನು ಸೇರಿಸುವ ಒಂದು ಗೆರೆಯನ್ನು ಕಿಟಕಿ ಗಾಜಿನ ಮೇಲೆ ಡೋರ್ಲಿಯ ತುಟಿಬಣ್ಣದಿಂದ ಎಳೆದೆ. (ಬೇರೆ ಯಾವುದೂ ಗಾಜಿನ ಮೇಲೆ ನಿಲ್ಲಲಿಲ್ಲ.)

ಸೂರ್ಯ ಗೆರೆಯ ಕೆಳಗಿಳಿದದ್ದು 17.57. ಗುಡ್ಡದ ಹಿಂದೆ ಹೋದದ್ದು 18.19. ನಷ್ಟ: 22 ನಿಮಿಷ.

ರುಡಿನ್‌ಗೆ ಹೇಳಿದೆ. "ಇಪ್ಪತ್ತೆರಡಾ? ಮೋಡ ಇತ್ತೇನೋ."

"ಒಂದೂ ಇರ್ಲಿಲ್ಲ."

"ಮತ್ತೊಂದ್ಸಲ ಅಳೀರಿ. ನನ್ನ ಅಂದಾಜು ಎರಡು ಗಂಟೆ."

ಡೋರ್ಲಿ ಗಡಿಯಾಚೆಯ ಅಂಗಡಿಗೆ ಹೋಗಿ ಬಂದಳು. ಹೊರಬಾಗಿಲು ತೆರೆದ ಸದ್ದು 16.05, ನಮ್ಮ ಬಾಗಿಲಿಗೆ ಬಂದದ್ದು 16.14. ಎರಡನೇ ಮಹಡಿಯ ಶ್ರೀಮತಿ ಊಬರ್‌ಸಾಕ್ಸ್ ಅವರ ಪಾಪಾಸುಕಳ್ಳಿ ನೋಡುತ್ತ ನಿಂತಿದ್ದಳಂತೆ. ಇತ್ತೀಚೆಗೆ ಅವಳಿಗೆ ಆ ಗಿಡದ ಮೇಲೆ ಬಹಳ ಪ್ರೀತಿ.

ಮಾರ್ಚ್ 13, ಬುಧವಾರ

ನಮ್ಮ ಬಟ್ಟೆ ಒಗೆಯುವ ದಿನ. ನೆಲಮಾಳಿಗೆಯ ಒಗೆತದ ಕೋಣೆಯಲ್ಲಿ ಸಂಜೆ ಸಭೆ, ಏಕೆಂದರೆ ಕಟ್ಟಡದಲ್ಲಿ ಎಲ್ಲರಿಗೂ ಸೇರಿದ ಜಾಗ ಅದೊಂದೇ. ನಮ್ಮಿಬ್ಬರನ್ನು ಬಿಟ್ಟು ಹತ್ತೊಂಬತ್ತು ಜನ ಬಂದಿದ್ದರು. ನಮ್ಮ ಹಾಸಿಗೆ ಹೊದಿಕೆಗಳು ತಲೆಯ ಮೇಲೆ ಒಣಗುತ್ತಿದ್ದವು, ರುಡಿನ್ ಅವುಗಳ ನಡುವಿನಿಂದ ಮುಖ ಹೊರಹಾಕಿ ತಕರಾರಿನ ಪತ್ರ ಓದಿದರು. "ದಿನಕ್ಕೆ ಕನಿಷ್ಠ ಎರಡು ಗಂಟೆ ಬಿಸಿಲು ಕಳೆದುಕೊಳ್ಳುತ್ತೇವೆ" ಎಂಬ ಸಾಲಿಗೆ ಎಲ್ಲರೂ ಚಪ್ಪಾಳೆ ತಟ್ಟಿದರು.

"ಆ ಅಂಕಿ ಇನ್ನೂ ಖಾತ್ರಿಯಿಲ್ಲ" ಎಂದೆ.

"ಅಂಕಿಗಳ ಜವಾಬ್ದಾರಿ ಬ್ರೋಡ್‌ಬೆಕ್ ಅವ್ರದ್ದು" ಎಂದು ರುಡಿನ್ ಘೋಷಿಸಿದರು. ಅದಕ್ಕೂ ಚಪ್ಪಾಳೆ. ಹತ್ತೊಂಬತ್ತು ಸಹಿ ಬಿತ್ತು. ನಾನು, ಅಂಕಿ ಖಾತ್ರಿಯಾದ ಮೇಲೆ ಹಾಕುತ್ತೇನೆಂದೆ. ಡೋರ್ಲಿ, "ನನ್ನ ಕೈ ಒದ್ದೆ" ಎಂದಳು.

ಬುಟ್ಟಿ ಹೊತ್ತು ಮೇಲೆ ಬರುವಾಗ ಪ್ರತಿ ಮಹಡಿಯಲ್ಲೂ ನಿಂತು ಯಾರನ್ನಾದರೂ ಮಾತಾಡಿಸಿದಳು. ಮೂರನೇ ಮಹಡಿಯ ತಿರುವಿನಲ್ಲಿ ಯಾರೂ ಇರಲಿಲ್ಲ, ಅಲ್ಲೂ ನಿಂತಳು.

ಮಾರ್ಚ್ 15

ಮಳೆ. ಸೂರ್ಯ ಇಲ್ಲ. ನಷ್ಟ ಲೆಕ್ಕಕ್ಕಿಲ್ಲ.

ಮಾರ್ಚ್ 19, ಮಂಗಳವಾರ

ಇದೇನೋ ದೊಡ್ಡ ಸಂಗತಿ. ಕ್ರಮವಾಗಿ ಬರೆಯುತ್ತೇನೆ.

ಕಂಬಗಳ ನಡುವಿನ ಅಂತರ ಅಳೆಯಲು ಮಧ್ಯಾಹ್ನ ಟೇಪು ಹಿಡಿದು ಹುಲ್ಲುಗಾವಲಿಗೆ ಹೋದೆ. ಅದರ ಆ ಅಂಚೇ ದೇಶದ ಅಂಚು. ಹಳೆಯ ಮುಳ್ಳುತಂತಿಯ ಬೇಲಿ, ಅದರಾಚೆ ಫ್ರಾನ್ಸಿನ ಹೆಗ್‌ವಿಲೆರ್ ಹಳ್ಳಿಯವರ ಗೋಧಿ. ಏಳನೇ ಕಂಬ ಬೇಲಿಗೆ ಒರಗಿದಂತಿದೆ. ಅದರ ಬುಡದಲ್ಲಿ ಟೇಪು ಹಿಡಿದು ಕುಕ್ಕರಗಾಲಲ್ಲಿ ಕೂತಿದ್ದಾಗ ಟ್ರ್ಯಾಕ್ಟರ್ ಬಂದು ನಿಂತಿತು. ನನಗಿಂತ ಹತ್ತು ವರ್ಷ ಚಿಕ್ಕವನಾದ, ಮೀಸೆಯ ಮನುಷ್ಯ.

"ಪಾಸ್‌ಪೋರ್ಟ್ ತಂದಿದ್ದೀರಾ?" ಎಂದ.

"ಯಾಕೆ?"

"ನಿಮಗಲ್ಲ. ನಿಮ್ಮ ಕಂಬಕ್ಕೆ. ಎರಡು ವಾರದಿಂದ ನನ್ನ ಹೊಲದಲ್ಲಿ ನಿಂತಿದೆ, ಒಂದು ನಮಸ್ಕಾರಾನೂ ಹೇಳಿಲ್ಲ."

ಅವನ ಹೆಸರು ಅರ್ಮಾಂ ಬಿಲ್ಗರ್. ಅವನ ಪ್ರಕಾರ ಬೇಲಿ ಗಡಿಯಲ್ಲವೇ ಅಲ್ಲ. ನಮ್ಮ ಕಡೆಯ ಮರದಿಂದ ಬಿದ್ದ ಸೇಬು ತಿಂದು ಹಸುಗಳು ಹೊಟ್ಟೆ ಕೆಡಿಸಿಕೊಳ್ಳುತ್ತವೆಂದು ಅವನ ಅಪ್ಪ ಬೇಲಿಯನ್ನು ತಮ್ಮ ಹೊಲದ ಒಳಕ್ಕೆ ಸರಿಸಿದ್ದರಂತೆ. ಕಂಬ ನೆಟ್ಟವರು ಗಡಿಕಲ್ಲು ಹುಡುಕುವ ಬದಲು ಬೇಲಿಯನ್ನೇ ನಂಬಿದ್ದಾರೆ.

"ನೀವು ಯಾಕೆ ಹೇಳ್ಲಿಲ್ಲ?"

"ಯಾರಾದ್ರೂ ಕೇಳ್ತಾರೇನೋ ಅಂತ ಕಾದೆ."

ಇಬ್ಬರೂ ಸೇರಿ ಮುಳ್ಳುಪೊದೆಯಲ್ಲಿ ಎರಡು ಗಡಿಕಲ್ಲು ಹುಡುಕಿದೆವು. ನನ್ನ ಪ್ಯಾಂಟು ಹರಿಯಿತು. ಕಲ್ಲಿನಿಂದ ಕಲ್ಲಿಗೆ ದಾರ ಕಟ್ಟಿ ಮೂರು ಸಲ ಅಳೆದೆವು. ಏಳನೇ ಕಂಬ ಫ್ರಾನ್ಸಿನೊಳಗೆ 46 ಸೆಂಟಿಮೀಟರ್.

ಅಳತೆ ಮುಗಿಯುವ ಹೊತ್ತಿಗೆ 18.34ಕ್ಕೆ ಸೂರ್ಯ ಮುಳುಗಿಬಿಟ್ಟಿದ್ದ. ಅಡಿಗೆಮನೆಯ ಅಳತೆ ತಪ್ಪಿತು. ಆದರೂ ಯಾಕೋ ಹಸಿವು ಚೆನ್ನಾಗಿತ್ತು.

ಮಾರ್ಚ್ 20, ಬುಧವಾರ

ರುಡಿನ್‌ಗೆ ತಿಳಿಸಿದೆ. ಮೊದಲು ಅವರ ಮುಖ ಬಿಳಚಿಕೊಂಡಿತು.

"ಮೂವತ್ತಾರು ವರ್ಷ" ಎಂದರು. "ತಲಾ ಒಂದು ಕಿಲೋ ಮಿತಿ ಮೀರಿ ಕಾರಿನ ಸೀಟಿನ ಕೆಳಗೆ ಅಡಗಿಸಿದ ಕಾಲು ಕಿಲೋ ಮಾಂಸ ನನ್ನ ಕಣ್ಣು ತಪ್ಪಿಸ್ತಿರ್ಲಿಲ್ಲ. ಹದಿಮೂರು ಮೀಟರ್ ಕಂಬ ಕಣ್ಮುಂದೆನೇ ದಾಟಿ ಹೋಯ್ತಾ!"

"ನಿಮ್ಮ ಪಾಳಿಯಲ್ಲಲ್ಲ ಬಿಡಿ" ಎಂದು ಸಮಾಧಾನ ಹೇಳಿದೆ.

ಆಮೇಲೆ ಅವರ ಕಣ್ಣು ಹೊಳೆಯಿತು. ಕಂಬ ತಪ್ಪಿದರೆ ಪ್ರಕಟಣೆಯೇ ಅಸಿಂಧು. ಈಗಲೇ ಹೇಳಿದರೆ ಅವರು ಸರಿಪಡಿಸಿಕೊಂಡುಬಿಡುತ್ತಾರೆ. ಸುಮ್ಮನಿದ್ದು ಏಪ್ರಿಲ್ 4ರಂದು ತಕರಾರಿನ ಜೊತೆ ಕೊಟ್ಟರೆ ವ್ಯಾಜ್ಯ ಮೇಲಿನ ಪ್ರಾಧಿಕಾರಕ್ಕೆ ಹೋಗಿ ವರ್ಷಗಟ್ಟಲೆ ಎಳೆಯುತ್ತದೆ. "ಅಷ್ಟರಲ್ಲಿ ಪುರಸಭೆಗೇ ಸಾಕಾಗುತ್ತೆ. ಬ್ರೋಡ್‌ಬೆಕ್ ಅವ್ರೇ, ನೀವು ನಮ್ಮನ್ನ ಗೆಲ್ಲಿಸಿಬಿಟ್ರಿ!"

ನಮ್ಮ ಅಡಿಗೆಮನೆಯ ಸೂರ್ಯ ಉಳಿದ. ಸಂತೋಷವಾಗಬೇಕಿತ್ತು, ಆಯಿತು ಕೂಡ. ಡೋರ್ಲಿಗೆ ಹೇಳಿದೆ. ಅವಳು ಬ್ರೆಡ್ಡಿನ ಮೇಲೆ ಬೆಣ್ಣೆ ಸವರುತ್ತ, "ವರ್ಷಗಟ್ಟಲೆನಾ?" ಎಂದು ಕೇಳಿದಳು.

"ಕನಿಷ್ಠ ಮೂರು."

ಅದೇ ಹೋಳಿನ ಮೇಲೆ ಮತ್ತೊಮ್ಮೆ ಬೆಣ್ಣೆ ಸವರಿದಳು.

ಮಾರ್ಚ್ 24, ಭಾನುವಾರ

ಬಿಲ್ಗರ್ ಮನೆಗೆ ಕರೆದಿದ್ದ. ನಾನೊಬ್ಬನೇ ನಡೆದು ಹೋದೆ. ಡೋರ್ಲಿ, ಆಮೇಲೆ ಮತ್ತೆ ಮೆಟ್ಟಿಲು ಹತ್ತಬೇಕಲ್ಲ, ಬೇಡ ಎಂದಳು. ಬಿಲ್ಗರನ ಹೆಂಡತಿ ಒಡೀಲ್ ಮಾಡಿದ ಒಣದ್ರಾಕ್ಷಿಯ ಗುಗೆಲ್ ಕೇಕ್ ಮೂರು ಹೋಳು ತಿಂದೆ. ಒಡೀಲ್ ನಮ್ಮ ಹೋಲ್ಡರ್‌ವಿಲ್ ವೃದ್ಧಾಶ್ರಮದಲ್ಲಿ ಇಪ್ಪತ್ತೇಳು ವರ್ಷದಿಂದ ದಾದಿ. ದಿನಾ ಬೆಳಿಗ್ಗೆ 6.10ಕ್ಕೆ ಸೈಕಲ್ಲಿನಲ್ಲಿ ನಮ್ಮ ಅಡಿಗೆಮನೆಯ ಕೆಳಗೇ ಹೋಗುತ್ತಾಳೆ. ಮೂವತ್ತೊಂದು ವರ್ಷ ಆ ಕಿಟಕಿಯಲ್ಲಿ ಕೂತ ನಾನು ಸೂರ್ಯ ಇಳಿಯುವುದನ್ನು ನೋಡಿದ್ದೆ, ಅವಳು ಬರುವುದನ್ನು ನೋಡಿರಲಿಲ್ಲ.

ಬಿಲ್ಗರನಲ್ಲಿ ಚೆರ್ರಿ ಕೀಳಲು ಟ್ರ್ಯಾಕ್ಟರಿಗೆ ಸಿಕ್ಕಿಸುವ ಒಂದು ಲಿಫ್ಟ್ ಇದೆ. ತೊಟ್ಟಿಲಿನಂಥ ಕಟಕಟೆಯಲ್ಲಿ ನಿಂತರೆ ಒಂಬತ್ತು ಮೀಟರ್ ಮೇಲೆ ಹೋಗಬಹುದು. ನನ್ನನ್ನೂ ಹತ್ತಿಸಿದ. ನಾನು ಕೂಗಿದೆನೆಂದು ಅವನು ಹೇಳುತ್ತಾನೆ, ನನಗೆ ನೆನಪಿಲ್ಲ.

ಇವತ್ತು ಬಿಸಿಲಿತ್ತು. ಅಳೆಯುವುದು ಮರೆತುಹೋಯಿತು.

ಮಾರ್ಚ್ 26, ಮಂಗಳವಾರ

ಅಳೆದೆ. 18.22, 18.44. ಮತ್ತೆ 22.

ರುಡಿನ್ ಮನೆಯಿಂದಲೂ ಅಳೆಯಬೇಕೆಂದು ನಿನ್ನೆ ಸಂಜೆ ನಾಲ್ಕನೇ ಮಹಡಿಗೆ ಹೋಗಿದ್ದೆ. ಅಲ್ಲಿ ನಷ್ಟ 5 ನಿಮಿಷ. ರುಡಿನ್ ಅದನ್ನು ಬರೆದುಕೊಳ್ಳಬೇಡಿ ಎಂದರು. ಬರೆದಿದ್ದೇನೆ.

ಮಾರ್ಚ್ 27, ಬುಧವಾರ

ಯೋಜನೆಯ ನಕ್ಷೆಯಲ್ಲಿ ಏಳನೇ ಕಂಬದ ಜಾಗ ಎಲ್ಲಿದೆಯೆಂದು ನೋಡಲು ಪುರಸಭೆಯ ಕಟ್ಟಡ ಕಚೇರಿಗೆ ಹೋದೆ. ಕಿಟಕಿಯಲ್ಲಿ ಸೆನಾದಾ ಮೆಶಿಚ್ ಇದ್ದಳು. ಚಿಕ್ಕವಳಿದ್ದಾಗ ಇದೇ ರಸ್ತೆಯಲ್ಲಿ ರೋಲರ್ ಸ್ಕೇಟು ಓಡಿಸುತ್ತಿದ್ದವಳು.

ಹೆಸರು ಹೇಳುತ್ತಲೇ ಅವಳ ಮುಖ ಅರಳಿತು. "ಓ, ಬ್ರೋಡ್‌ಬೆಕ್! ಕೊನೆಗೂ ನೀವೂ ಬಂದ್ರಲ್ಲ. ಪಶ್ಚಿಮದ ಕಡೆ, ಮೂರನೇ ಮಹಡಿ, ಅಲ್ವಾ? ಪಟ್ಟಿಯಲ್ಲಿ ಹನ್ನೊಂದನೇ ಹೆಸರು. ನಿಮ್ಮ ಮನೆಯವ್ರು ಎರಡು ಸಲ ಬಂದು ವಿಚಾರಿಸಿದ್ರು, ಲಿಫ್ಟಿನ ಬಾಗಿಲು ಅಗಲ ಇದೆಯಾ ಅಂತ."

"ಯಾವ ಪಟ್ಟಿ?"

ಅವಳು ನನ್ನನ್ನು ನೋಡಿದಳು. "ಹೊಸ ಮನೆ ಬೇಕು ಅಂದವ್ರ ಪಟ್ಟಿ" ಎಂದು ಮೆಲ್ಲಗೆ ಹೇಳಿ, "ಅಯ್ಯೋ" ಎಂದಳು.

ನಕ್ಷೆ ನೋಡದೆ ಬಂದೆ. ನಮ್ಮ ಕಟ್ಟಡದಲ್ಲಿ ಮೆಟ್ಟಿಲು 54. ಇವತ್ತು ಮೊದಲ ಸಲ ಎಣಿಸಿದೆ.

ಅದೇ ದಿನ, ಊಟವಾದ ಮೇಲೆ

ಈ ಪುಸ್ತಕವನ್ನು ಮೊದಲಿನಿಂದ ಓದಿದೆ. 9ನೇ ತಾರೀಖು, ಒಂಬತ್ತು ನಿಮಿಷ, ಪಾಪಾಸುಕಳ್ಳಿ. 13ನೇ ತಾರೀಖು, ಬುಟ್ಟಿ, ಪ್ರತಿ ಮಹಡಿ. ಎಲ್ಲವನ್ನೂ ಗಡಿಯಾರ ನೋಡಿ ಬರೆದಿದ್ದೇನೆ. ಟ್ರಾಮು ಪ್ರತಿ ನಿಲ್ದಾಣದಲ್ಲೂ ತಡವಾದರೆ ಪ್ರಯಾಣಿಕರು ಮಾತುಗಾರರೆಂದು ನಾನು ಯಾವತ್ತಾದರೂ ವರದಿ ಬರೆದಿದ್ದೆನೇ? ಗಾಲಿ ನೋಡಿ ಎಂದು ಬರೆಯುತ್ತಿದ್ದೆ.

ಮಾರ್ಚ್ 28, ಗುರುವಾರ

ಬೆಳಿಗ್ಗೆ ಕಾಫಿಯ ಹೊತ್ತಿಗೆ ಕೇಳಿದೆ. "ಯಾವ ಮಂಡಿ?"

ಡೋರ್ಲಿ ಕಪ್ಪು ಕೆಳಗಿಟ್ಟಳು. "ಬಲಗಡೇದು. ಎಡಗಡೇದು ಅದಕ್ಕೆ ಸಾಥ್ ಕೊಡ್ತಾ ಇದೆ. ಸೆನಾದಾ ಹೇಳಿಬಿಟ್ಲಾ?"

"ಎಷ್ಟು ದಿನದಿಂದ?"

"ಹೋದ ಅಕ್ಟೋಬರಿಂದ. ಡಾಕ್ಟ್ರು, ಆಪರೇಷನ್ ಇನ್ನೂ ಬೇಡ, ಮೆಟ್ಟಿಲು ಕಡಿಮೆ ಮಾಡಿ ಅಂದ್ರು. ನಮ್ಮನೇಲಿ ಮೆಟ್ಟಿಲು ಕಡಿಮೆ ಮಾಡೋದು ಹೇಗೆ, ಕಿತ್ತು ಮಾರಲಾ?"

"ನನಗೆ ಹೇಳಬಹುದಿತ್ತು."

"ಹೇಳೋಣ ಅಂತಾನೇ ಇದ್ದೆ. ಆದ್ರೆ ನೀನು ರಿಟೈರ್ ಆಗಿ ಐದು ವಾರ ಆ ಕುರ್ಚೀಲಿ ಕೂತು, ರಸ್ತೇಲಿ ಹೋಗೋ ಟ್ರಾಮು ಎಷ್ಟು ಸೆಕೆಂಡು ತಡ ಅಂತ ನನಗೆ ಹೇಳ್ತಿದ್ದೆ. ಗಡ್ಡಾನೂ ಬಿಟ್ಟಿದ್ದೆ. ಕಂಬ ನೆಟ್ಟ ದಿನ ಎದ್ದು ಗಡ್ಡ ಹೆರೆದುಕೊಂಡೆ ಕಣೋ. ನನ್ನ ಮಂಡಿ ನೆಪ ಮಾಡಿ ಆ ಕಂಬಾನ ನಿನ್ನಿಂದ ಹೇಗೆ ಕಿತ್ಕೊಳ್ಲಿ?"

ಗಡ್ಡ ಬಿಟ್ಟಿದ್ದು ನಿಜವೇ ಎಂದು ಫೋಟೋ ನೋಡಿದೆ. ನಿಜ.

"ಸೂರ್ಯ?" ಎಂದೆ.

"ಸೂರ್ಯ ಎಲ್ಲೂ ಹೋಗಲ್ಲ, ವೆರ್ನರ್. ನಾವು ಅರವತ್ತು ಮೀಟರ್ ಮುಂದೆ ಹೋಗ್ತೀವಿ ಅಷ್ಟೇ."

ಮಾರ್ಚ್ 31, ಈಸ್ಟರ್ ಭಾನುವಾರ

ಇವತ್ತಿನಿಂದ ಬೇಸಿಗೆಯ ಸಮಯ, ಗಡಿಯಾರ ಒಂದು ಗಂಟೆ ಮುಂದಕ್ಕೆ. ಸೂರ್ಯಾಸ್ತ 19.51. ಬಿಲ್ಗರ್ ದಂಪತಿ ಕುರಿಮರಿ ಆಕಾರದ ಕೇಕ್ ತಂದರು. ಮೆಟ್ಟಿಲಲ್ಲಿ ಸಿಕ್ಕಿದ ರುಡಿನ್ ಡಬ್ಬಿಯ ಮುಚ್ಚಳ ತೆಗೆಸಿ ನೋಡಿ, "ಕುರಿ ತಲಾ ಒಂದು ಕಿಲೋ ಮೀರಬಾರದು" ಎಂದರಂತೆ. ಒಡೀಲ್ ಡೋರ್ಲಿಯ ಮಂಡಿ ಒತ್ತಿ ನೋಡಿ ಎರಡು ವ್ಯಾಯಾಮ ಹೇಳಿಕೊಟ್ಟಳು. ಡೋರ್ಲಿ ಕಾಲು ಎತ್ತುತ್ತಾಳೆ, ನಾನು ಸೆಕೆಂಡು ಎಣಿಸುತ್ತೇನೆ.

ಒಂದು ಪ್ರಶ್ನೆ ಉಳಿದಿದೆ. ಏಳನೇ ಕಂಬದ ವಿಚಾರ ನನಗೆ ಗೊತ್ತು, ರುಡಿನ್‌ಗೆ ಗೊತ್ತು. ನಾನು ಸುಮ್ಮನಿದ್ದರೆ ನಾಲ್ಕನೇ ತಾರೀಖು ಅವರು ಅದನ್ನು ಬಳಸುತ್ತಾರೆ. ಹೇಳಿದರೆ ಅವರ ಗೆಲುವನ್ನು ನಾನೇ ಕಸಿದಂತೆ. ಮೂರು ವರ್ಷ ಗುಣಿಸು ದಿನಕ್ಕೆ ಕನಿಷ್ಠ ಎರಡು ಸಲ 54 ಮೆಟ್ಟಿಲು. ಲೆಕ್ಕ ಮಾಡಿ ಬರೆಯಲಿಲ್ಲ.

ಏಪ್ರಿಲ್ 2, ಮಂಗಳವಾರ

ಕದ್ದು ಹೋಗಿ ಹೇಳುವುದು ಸರಿಯೆನಿಸಲಿಲ್ಲ. ಮೊದಲು ನಾಲ್ಕನೇ ಮಹಡಿ ಹತ್ತಿದೆ.

"ರುಡಿನ್ ಅವ್ರೇ, ಕಂಬದ ವಿಷಯ ಇವತ್ತೇ ಪುರಸಭೆಗೆ ಹೇಳ್ತೀನಿ. ನಿಮಗೆ ಮೊದಲು ತಿಳಿಸೋಣ ಅಂತ ಬಂದೆ."

"ಶತ್ರುಪಾಳಯ ಸೇರಿದ್ರಾ?"

"ಡೋರ್ಲಿಗೆ ಮಂಡಿನೋವು. ಆ ಮನೆಗೆ ಲಿಫ್ಟ್ ಇದೆ."

"ಎರಡನೇ ಮಹಡೀಲಿ ನಿಂತು ನಿಂತು ಬರೋದು ನೋಡಿದ್ದೆ" ಎಂದರು. "ಚೀಲದಲ್ಲಿ ಮಾಂಸ ಜಾಸ್ತಿ ಇದೆಯೇನೋ, ಭಾರಕ್ಕೆ ನಿಲ್ತಾರೆ ಅಂದ್ಕೊಂಡಿದ್ದೆ."

ನನಗೆ ನಗು ಬಂತು. ಅವರಿಗೆ ಬರಲಿಲ್ಲ. ಬಾಗಿಲು ಹಾಕಿಕೊಂಡರು.

ಸೆನಾದಾಗೆ ನಾನು ಬರೆದ ನಕ್ಷೆ, ದಾರ, ಮೂರು ಅಳತೆ, ಬಿಲ್ಗರನ ಸಹಿ ಎಲ್ಲ ಕೊಟ್ಟೆ. ಅವಳು ಹಣೆ ಚಚ್ಚಿಕೊಂಡಳು. ಯೋಜನೆಯ ನಕ್ಷೆಯಲ್ಲಿ ಕಟ್ಟಡ ಪೂರ್ತಿ ನಮ್ಮ ದೇಶದಲ್ಲೇ ಇದೆ. ಕಂಬ ಮಾತ್ರ ಹೊರಗೆ. ಶನಿವಾರ ಸರಿಪಡಿಸಿ ಹೊಸದಾಗಿ ಮೂವತ್ತು ದಿನ ಕೊಡುತ್ತಾರಂತೆ. "ಇದು ಕಟ್ಟೋವಾಗ ಹೊರಬಿದ್ದಿದ್ರೆ ಏನಾಗ್ತಿತ್ತು ಗೊತ್ತಾ? ಮೂರು ವರ್ಷ!" ಎಂದಳು. ಗೊತ್ತು ಎಂದೆ.

ಏಪ್ರಿಲ್ 3, ಬುಧವಾರ

ಒಗೆತದ ಕೋಣೆಯಲ್ಲಿ ಮತ್ತೆ ಸಭೆ. ಹೊದಿಕೆಗಳ ಕೆಳಗೆ ನಿಂತು ಅಂಕಿ ಓದಿದೆ: ಮೂರನೇ ಮಹಡಿ, 22 ನಿಮಿಷ. ನವೆಂಬರಿನಿಂದ ಫೆಬ್ರವರಿ ಆರಂಭದವರೆಗೆ ಸೊನ್ನೆ, ಏಕೆಂದರೆ ಆಗ ಸೂರ್ಯ ಕಂಬಗಳ ಕಡೆಗೇ ಬರುವುದಿಲ್ಲ. ನಮ್ಮ ಹೆಸರು ಹೊಸ ಮನೆಯ ಪಟ್ಟಿಯಲ್ಲಿರುವುದನ್ನೂ ಹೇಳಿದೆ. ಅಳೆದವನು ಯಾವ ಕಡೆಯವನೆಂದು ಕೇಳುವವರಿಗೆ ಗೊತ್ತಿರಬೇಕು.

ಶ್ರೀಮತಿ ಊಬರ್‌ಸಾಕ್ಸ್ ಕೈ ಎತ್ತಿದರು. "ನಾನೂ ಪಟ್ಟಿಯಲ್ಲಿದ್ದೀನಿ. ಏಳನೇದು."

"ಮತ್ತೆ ಸಹಿ ಯಾಕ್ ಹಾಕಿದ್ರಿ?" ಎಂದು ರುಡಿನ್ ಕಿರುಚಿದರು.

"ಎಲ್ರೂ ಹಾಕ್ತಿದ್ರಲ್ಲ. ಚಪ್ಪಾಳೆ ಬೇರೆ ತಟ್ತಿದ್ರಿ."

ಕೊನೆಗೆ ಪಟ್ಟಿಯಲ್ಲಿದ್ದವರು ಐವರು ಎಂದು ಗೊತ್ತಾಯಿತು. ಇನ್ನೂ ಆರು ಜನ, ಎರಡು ಗಂಟೆ ಎಂದದ್ದಕ್ಕೆ ಸಹಿ ಹಾಕಿದ್ದೆವು, ಇಪ್ಪತ್ತೆರಡು ನಿಮಿಷಕ್ಕಲ್ಲ ಎಂದು ಹೆಸರು ಹೊಡೆದರು. ರುಡಿನ್ ಬಿಟ್ಟರೆ ಉಳಿದವರೆಲ್ಲ ನೆಲಮಹಡಿ ಮತ್ತು ಒಂದನೇ ಮಹಡಿಯವರು. ಅವರ ನಷ್ಟ ನಮ್ಮದಕ್ಕಿಂತ ಜಾಸ್ತಿ, ಅವರ ತಕರಾರು ನ್ಯಾಯವಾದದ್ದು. ಅವರ ಕಿಟಕಿಯಿಂದಲೂ ನಾನೇ ಅಳೆದುಕೊಡುತ್ತೇನೆಂದೆ. ಅಡ್ಡಪಟ್ಟಿ ನೋಡಿದರೆ ಮಾಡಿನ ನಮ್ಮ ಕಡೆಯ ತುದಿಯನ್ನು ಒಂದು ಮೀಟರ್ ತಗ್ಗಿಸಿದರೂ ಅವರಿಗೆ ಎಷ್ಟೋ ಬೆಳಕು ಉಳಿಯುತ್ತದೆ. ಅದನ್ನು ಕೇಳಿಕೊಳ್ಳುವ ಪತ್ರ ಬರೆಯುವುದೆಂದಾಯಿತು.

"ರುಡಿನ್ ಅವ್ರೇ, ನಿಮಗೆಷ್ಟು ನಷ್ಟ?" ಎಂದು ಯಾರೋ ಕೇಳಿದರು.

ಅವರು ನನ್ನ ಮುಖ ನೋಡಿದರು. ನಾನು ಪುಸ್ತಕ ಮುಚ್ಚಿದೆ. "ಐದು ನಿಮಿಷ" ಎಂದು ಅವರೇ ಹೇಳಿದರು. "ಆದ್ರೆ ನನಗದು ಪ್ರಿಯವಾದ ಐದು ನಿಮಿಷ!"

ನಗುವಿಗೆ ಹೊದಿಕೆಗಳು ಅಲ್ಲಾಡಿದವು. ಈ ಸಲ ಅವರೂ ನಕ್ಕರು.

ಏಪ್ರಿಲ್ 6, ಶನಿವಾರ

ಮಧ್ಯಾಹ್ನ 3 ಗಂಟೆಗೆ ಕೆಲಸಗಾರರು ಬಂದು ಏಳನೇ ಕಂಬ ಕಿತ್ತರು. ನಮ್ಮ ಕಟ್ಟಡದ ಅರ್ಧ ಜನ ಹುಲ್ಲುಗಾವಲಿನಲ್ಲಿದ್ದರು. ರುಡಿನ್ ಹಳೆಯ ಸಮವಸ್ತ್ರದ ಟೋಪಿ ಧರಿಸಿ ದಾರದ ಪಕ್ಕ ನಿಂತಿದ್ದರು. ಕಂಬ ಗಡಿಗೆ ಬಂದಾಗ ಕೈ ಅಡ್ಡ ಹಿಡಿದರು.

"ಘೋಷಿಸೋಕೆ ಏನಾದ್ರೂ ಇದೆಯಾ?"

"ಬುಡದಲ್ಲಿ ಒಂದಿಷ್ಟು ಫ್ರೆಂಚ್ ಮಣ್ಣು" ಎಂದ ಬಿಲ್ಗರ್.

"ಸ್ವಂತ ಬಳಕೆಗಾ?"

"ಸ್ವಂತ ಬಳಕೆಗೆ."

"ಹೋಗಬಹುದು."

3.25ಕ್ಕೆ ಏಳನೇ ಕಂಬ ಸ್ವದೇಶದಲ್ಲಿ ನಿಂತಿತು. ಅಳೆದೆ, ಸರಿಯಿದೆ. ನೆಲಮಹಡಿಯ ಮೂವರು ನನ್ನ ಹಿಂದೆಯೇ ಬಂದು ನಾಳೆ ಯಾರ ಕಿಟಕಿ ಮೊದಲು ಎಂದು ಜಗಳವಾಡಿದರು. ಸಮಯದ ಪಟ್ಟಿ ಬರೆದುಕೊಟ್ಟಿದ್ದೇನೆ. ಮುಂದಿನ ವಾರ ಒಂದು ಸಂಜೆಯೂ ಬಿಡುವಿಲ್ಲ.

ಸಂಜೆ ಬಿಲ್ಗರ್ ಚೆರ್ರಿ ಲಿಫ್ಟನ್ನು ಪಶ್ಚಿಮದ ಎರಡು ಕಂಬಗಳ ನಡುವೆ ತಂದು ನಿಲ್ಲಿಸಿದ. ಕಟಕಟೆಯಲ್ಲಿ ಎರಡು ಮಡಿಸುವ ಕುರ್ಚಿ, ಕಾಫಿಯ ಫ್ಲಾಸ್ಕು, ಬ್ರೆಡ್ಡು, ಚೀಸು. ಡೋರ್ಲಿ ಕೂತಳು, ನಾನೂ ಕೂತೆ. ಬಿಲ್ಗರ್ ಹಿಡಿಕೆ ಎಳೆದ. ಒಂದನೇ ಮಹಡಿ ಎನ್ನಬಹುದಾದ ಎತ್ತರ ಬಂತು, ಎರಡನೆಯದು, ಮೂರನೆಯದು. ಎಲ್ಲೂ ನಿಲ್ಲಲಿಲ್ಲ.

"ಇಲ್ಲಿ ಒಲೆ" ಎಂದು ಡೋರ್ಲಿ ಗಾಳಿಯಲ್ಲಿ ತೋರಿಸಿದಳು. "ಇಲ್ಲಿ ಮೇಜು. ನಿನ್ನ ಕುರ್ಚಿ ಆ ಕಡೆ, ನನ್ನ ದೃಷ್ಟಿಗೆ ಅಡ್ಡ ಬರದ ಹಾಗೆ."

"ಇನ್ನೂ ಹನ್ನೊಂದನೇ ಹೆಸರು ಕಣೇ. ಸಿಗುತ್ತೋ ಇಲ್ವೋ."

"ಇಪ್ಪತ್ತೆಂಟು ಮನೆ ಇವೆ. ಲೆಕ್ಕ ನಿನಗೆ ಬರುತ್ತಲ್ಲ."

ಕೆಳಗಿನಿಂದ ರುಡಿನ್, "ಬ್ರೋಡ್‌ಬೆಕ್ ಅವ್ರೇ, ಮೇಲೆ ಹೇಗಿದೆ? ಬರೀತಿದ್ದೀರಾ ಇಲ್ವಾ?" ಎಂದು ಕೂಗಿದರು.

ಬರೆದಿದ್ದೇನೆ. ಸೂರ್ಯಾಸ್ತ 20.00. ನಷ್ಟ: ಸೊನ್ನೆ. ಮೆಟ್ಟಿಲು: ಸೊನ್ನೆ.